ಅಕ್ಕನ ಟಿವಿಗೆ ಯಾವುದು ಸರಿ: ಎಚ್.264 ಆ, ಎಚ್.265 ಆ?

ಅಕ್ಕನ ಮನೆ ಗೃಹಪ್ರವೇಶದ ವಿಡಿಯೋ, 50 ನಿಮಿಷದ್ದು. ಶಾಟ್‌ಕಟ್ ಅನ್ನೋ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಎಡಿಟ್ ಮಾಡಿ, ರಾತ್ರಿ ಎಚ್.264ನಲ್ಲಿ ಎಕ್ಸ್‌ಪೋರ್ಟ್‌ಗೆ ಇಟ್ಟು ಮಲಗಿದೆ. (ಎಚ್.264, ಎಚ್.265 ಎರಡೂ ವಿಡಿಯೋವನ್ನು ಕುಗ್ಗಿಸಿ ಫೈಲು ಮಾಡುವ ವಿಧಾನಗಳು, 265 ಹೊಸದು.) ಬೆಳಗ್ಗೆ ಪೆನ್‌ಡ್ರೈವ್‌ಗೆ ಹಾಕೋಣ ಅಂದ್ರೆ ಫೈಲ್ ತುಂಬಾ ದೊಡ್ಡದು ಅಂತ ಮೆಸೇಜು. 32 ಜಿಬಿ ಡ್ರೈವು, ಪೂರ್ತಿ ಖಾಲಿ. ಫೈಲು ಬರೀ 4.5 ಜಿಬಿ!

ಡ್ರೈವಿನ ಪ್ರಾಪರ್ಟೀಸ್ ತೆಗೆದು ನೋಡಿದರೆ ಫ್ಯಾಟ್32 ಅನ್ನೋ ಹಳೇ ಫಾರ್ಮ್ಯಾಟ್. ಅದರಲ್ಲಿ ಎಷ್ಟೇ ಜಾಗ ಇದ್ದರೂ ಒಂದೊಂದು ಫೈಲು 4 ಜಿಬಿ ದಾಟುವಂತಿಲ್ಲ. ಹಾಗಾಗಿ ಎರಡು ದಾರಿ: ಫೈಲನ್ನೇ ಸಣ್ಣದು ಮಾಡುವುದು, ಇಲ್ಲಾ ಡ್ರೈವನ್ನು ಬೇರೆ ರೀತಿ ಫಾರ್ಮ್ಯಾಟ್ ಮಾಡುವುದು. ಎರಡನ್ನೂ ಮಾಡಿ ನೋಡಿದೆ.

ಮೊದಲು ಎಚ್.265. ಎಚ್.264ಗೆ ಬಿಟ್‌ರೇಟ್ (ಒಂದು ಸೆಕೆಂಡಿನ ವಿಡಿಯೋಗೆ ಬಳಸುವ ಡೇಟಾ) 12 ಎಂಬಿಪಿಎಸ್, ಅಂದರೆ ಸೆಕೆಂಡಿಗೆ 12 ಮೆಗಾಬಿಟ್ ಕೊಟ್ಟಿದ್ದೆ, ಇದಕ್ಕೆ 6 ಕೊಟ್ಟೆ, ಫೈಲು ಅರ್ಧಕ್ಕೆ ಇಳಿಯಿತು. (ನಿಮಿಷವನ್ನು ಬಿಟ್‌ರೇಟ್‌ನಿಂದ ಗುಣಿಸಿ, ಮತ್ತೆ 7.5ರಿಂದ ಗುಣಿಸಿದರೆ ಎಷ್ಟು ಎಂಬಿ ಅಂತ ಮೊದಲೇ ಗೊತ್ತಾಗುತ್ತದೆ. ಈ ಲೆಕ್ಕ ಮೊದಲೇ ಹಾಕಿದ್ದರೆ ಒಂದು ರಾತ್ರಿ ಉಳಿಯುತ್ತಿತ್ತು.) ಚಿತ್ರದಲ್ಲಿ ನನಗೇನೂ ವ್ಯತ್ಯಾಸ ಕಾಣಲಿಲ್ಲ. ಆದರೆ ನನ್ನ ಹಳೇ ಲ್ಯಾಪ್‌ಟಾಪಿನಲ್ಲಿ ಎಚ್.264ಗಿಂತ ಮೂರು ಪಟ್ಟು ಹೊತ್ತು ಹಿಡಿಯಿತು, ಫ್ಯಾನ್ ಮಿಕ್ಸಿ ತರ ಕೂಗುತ್ತಿತ್ತು. ಹಾರ್ಡ್‌ವೇರ್ ಎನ್‌ಕೋಡರ್‌ಗೆ (ಕುಗ್ಗಿಸುವ ಕೆಲಸವನ್ನು ಗ್ರಾಫಿಕ್ಸ್ ಚಿಪ್ಪಿಗೆ ಒಪ್ಪಿಸುವುದು) ಟಿಕ್ ಹಾಕಿದರೆ ಸರಸರ ಮುಗಿಯುತ್ತದೆ ನಿಜ, ಆದರೆ ಅದೇ 6ಕ್ಕೆ ಹೋಮದ ಹೊಗೆಯೆಲ್ಲ ಚೌಕ ಚೌಕವಾಗಿ ಒಡೆದುಹೋಯಿತು, ಅದನ್ನು ಅಳಿಸಿಬಿಟ್ಟೆ.

ಇಷ್ಟೆಲ್ಲಾ ಮಾಡಿ ಅಕ್ಕನ ಟಿವಿಗೆ ಚುಚ್ಚಿದರೆ ಪುರೋಹಿತರ ಮಂತ್ರ ಮಾತ್ರ ಕೇಳುತ್ತಿದೆ, ಪರದೆ ಪೂರ್ತಿ ಕಪ್ಪು. ಟಿವಿ ಹಳೆಯದು. ಎಚ್.265 ಬಂದಿದ್ದೇ 2013ರಲ್ಲಿ, ಆ ಕಾಲದ ಟಿವಿಗಳಿಗೆ ಅದು ಗೊತ್ತಿಲ್ಲದಿದ್ದರೆ ಆಶ್ಚರ್ಯ ಏನಿಲ್ಲ ಅಲ್ವಾ.

ಸರಿ, ಮತ್ತೆ ಎಚ್.264ಗೇ ಬಂದು ಡ್ರೈವ್ ಬದಲಿಸಿದೆ. 4 ಜಿಬಿ ಮಿತಿ ಇಲ್ಲದ ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿದಾಗ ಫೈಲು ಆರಾಮಾಗಿ ಕಾಪಿ ಆಯಿತು, ಟಿವಿ ಮಾತ್ರ ಡ್ರೈವೇ ಇಲ್ಲ ಅನ್ನೋ ತರ ಸುಮ್ನೆ ಕೂತಿತು. ಅಂಥದ್ದೇ ಇನ್ನೊಂದು ಫಾರ್ಮ್ಯಾಟ್ ಎನ್‌ಟಿಎಫ್‌ಎಸ್ ಮಾಡಿದೆ, ತಕ್ಷಣ ಓಡಿತು. ಎಲ್ಲಾ ಟಿವಿಗೂ ಹೀಗೇ ಅಂತಲ್ಲ, ಅದಕ್ಕೇ ಇಡೀ ವಿಡಿಯೋ ಎಕ್ಸ್‌ಪೋರ್ಟ್ ಮಾಡೋ ಮೊದಲು ಒಂದು ನಿಮಿಷದ ತುಣುಕು ಮಾಡಿ ಆ ಟಿವಿಯಲ್ಲೇ ನೋಡಿ.

ಈ ನಡುವೆ ಲ್ಯಾಪ್‌ಟಾಪಿನ ಸಿ ಡ್ರೈವ್ ಜಾಗ ತುಂಬಿ ಕೆಂಪಾಗಿತ್ತು. ಎಕ್ಸ್‌ಪೋರ್ಟ್ ಫೈಲುಗಳೇ ಕಾರಣ ಅಂದುಕೊಂಡಿದ್ದೆ, ಅಲ್ಲ. ಫೋನಿನ ವಿಡಿಯೋದಲ್ಲಿ ಫ್ರೇಮ್‌ರೇಟ್ (ಸೆಕೆಂಡಿಗೆ ಎಷ್ಟು ಚಿತ್ರ ಅನ್ನೋದು) ಒಂದೇ ಸಮ ಇರುವುದಿಲ್ಲ, ಅಂಥದ್ದನ್ನು ಹಾಕಿದಾಗ ಶಾಟ್‌ಕಟ್ ಎಡಿಟ್‌ಗೆ ಅನುಕೂಲವಾಗೋ ಹಾಗೆ ಬದಲಿಸಲೇ ಅಂತ ಕೇಳುತ್ತದೆ. ಜಾಸ್ತಿ ಗುಣಮಟ್ಟ ಇರಲಿ ಅಂತ ಅದು ಕೊಡುವ ಆಯ್ಕೆಗಳಲ್ಲಿ ಎಲ್ಲದಕ್ಕೂ ಕೊನೆಯದನ್ನೇ ಒತ್ತಿದ್ದೆ. ಅದು ಲಾಸ್‌ಲೆಸ್ (ಗುಣಮಟ್ಟ ಚೂರೂ ಕಳೆಯದ್ದು), ಮೂಲ ಫೈಲಿಗಿಂತ ಎಷ್ಟೋ ಪಟ್ಟು ದೊಡ್ಡದು. ಮನೆ ವಿಡಿಯೋಗೆ ಮೊದಲನೆಯ ಆಯ್ಕೆಯೇ ಧಾರಾಳ ಸಾಕು. ಆದರೆ ಎಡಿಟ್ ಮುಗಿಯುವ ಮೊದಲು ಹೀಗೆ ಬದಲಿಸಿದ ಫೈಲುಗಳನ್ನು ಅಳಿಸಬೇಡಿ, ಪ್ರಾಜೆಕ್ಟ್ ಫೈಲಿನಲ್ಲಿ ವಿಡಿಯೋ ಇರುವುದಿಲ್ಲ, ಅದು ಎಲ್ಲಿದೆ ಅನ್ನೋ ವಿಳಾಸ ಅಷ್ಟೇ. ಈ ವಿಷಯಕ್ಕೆ ನನಗೆ ಕೆಡೆನ್‌ಲೈವ್ ಅನ್ನೋ ಇನ್ನೊಂದು ಎಡಿಟರ್ ಇಷ್ಟವಾಯಿತು: ಪ್ರಾಕ್ಸಿ (ಎಡಿಟ್‌ಗೆ ಮಾಡಿಕೊಂಡ ಹಗುರ ಕಾಪಿ), ಕ್ಯಾಶ್ (ತಾತ್ಕಾಲಿಕ ಫೈಲು) ಎಷ್ಟು ಜಾಗ ತಿಂದಿವೆ ಅಂತ ತೋರಿಸಿ ಅಲ್ಲೇ ಅಳಿಸಲು ಬಿಡುತ್ತದೆ, ಪ್ರಾಜೆಕ್ಟಿನ ಕ್ಲಿಪ್‌ಗಳನ್ನೆಲ್ಲ ಒಂದು ಕಡೆ ಕಟ್ಟಿಡುವ ಆರ್ಕೈವ್ ಕೂಡ ಇದೆ. ಕಲಿಯಲು ಮಾತ್ರ ಶಾಟ್‌ಕಟ್ ಸುಲಭ.

ಅಕ್ಕನಿಗೆ ಎಚ್.264 ಕೊಟ್ಟೆ, ಎಚ್.265 ನನ್ನ ಹಾರ್ಡ್‌ಡಿಸ್ಕ್‌ನಲ್ಲಿದೆ, ಟಿವಿ ಬದಲಿಸಿದ ದಿನ ಕೊಡುತ್ತೇನೆ.