ಒಲಿಂಪಸ್ ಬಿಎಚ್‌ಟಿ: ಕೆಲವು ವರ್ಷ ಬಳಸಿದ ಮೇಲೆ

ಕೆರೆ ನೀರಿನ ಡಯಾಟಮ್ (ಗಾಜಿನಂಥ ಚಿಪ್ಪಿನ ಸೂಕ್ಷ್ಮ ಪಾಚಿ), ಹೂವಿನ ಪರಾಗ ನೋಡುವ ಹುಚ್ಚಿಗೆ ಸೆಕೆಂಡ್‌ಹ್ಯಾಂಡ್ ಬಿಎಚ್‌ಟಿ ಮೈಕ್ರೋಸ್ಕೋಪ್ ತಂದೆ. 1980ರ ದಶಕದ ಬಿಎಚ್-2 ಸರಣಿಯದು. ಇದರ ಅಣ್ಣ ಬಿಎಚ್‌ಎಸ್‌ಗೆ 100 ವ್ಯಾಟ್ ದೀಪ, ಇದಕ್ಕೆ 20 ವ್ಯಾಟ್. ನನಗೆ ಇಷ್ಟು ಬೆಳಕು ಸಾಕು. ಸ್ಟ್ಯಾಂಡ್ ಒರಳುಕಲ್ಲಿನ ಹಾಗೆ ಕೂತಿದೆ, ಅದರ ಬಗ್ಗೆ ತಕರಾರಿಲ್ಲ.

ತಲೆಬಿಸಿ ಇರುವುದು ಲೆನ್ಸ್ ಜೋಡಿಸುವುದರಲ್ಲಿ. ಸ್ಲೈಡಿನ ಕಡೆಯ ಲೆನ್ಸಿಗೆ ಆಬ್ಜೆಕ್ಟಿವ್ ಅಂತಾರೆ. ಹಳೇ ಆಬ್ಜೆಕ್ಟಿವ್‌ಗಳ ತಿರುಪು ಬಹುಪಾಲು ಕಂಪನಿಗಳಲ್ಲಿ ಒಂದೇ, ಆರ್‌ಎಂಎಸ್ ಅನ್ನೋ ಸ್ಟ್ಯಾಂಡರ್ಡ್ ಅಳತೆ. ಮಾರುವವರು "ಫಿಟ್ ಆಗುತ್ತೆ ಸಾರ್" ಅಂದರೆ ಸುಳ್ಳಲ್ಲ. ಫಿಟ್ ಆಗುತ್ತೆ, ಅಷ್ಟೇ.

ಬ್ಯಾರೆಲ್ ಮೇಲಿನ ಬರಹ ಓದಿ. 160/0.17 ಅಂತಿರಬೇಕು. ಅಂದರೆ ಟ್ಯೂಬಿನ ಉದ್ದ 160 ಮಿ.ಮೀ., ಕವರ್‌ಸ್ಲಿಪ್ (ಸ್ಲೈಡಿನ ಮೇಲೆ ಮುಚ್ಚುವ ತೆಳು ಗಾಜು) ದಪ್ಪ 0.17 ಮಿ.ಮೀ. 160 ಇರಬೇಕಾದಲ್ಲಿ ∞ ಇದ್ದರೆ ಅದು ಬೇರೆ ಜಾತಿ, ಟ್ಯೂಬ್ ಲೆನ್ಸ್ ಇರುವ ಮೈಕ್ರೋಸ್ಕೋಪಿಗೆ ಮಾಡಿದ್ದು. ಇದರಲ್ಲಿ ಹಾಕಿದರೆ 4ಎಕ್ಸ್ ಹೇಗೋ ನಡೆಯುತ್ತದೆ, 40ಎಕ್ಸ್‌ನಲ್ಲಿ ಚಿತ್ರ ಮಸುಕಾಗುತ್ತದೆ.

ಆಮೇಲೆ ಉದ್ದ. ಬಿಎಚ್-2ಗೆ ಬೇಕಾದದ್ದು ಎಲ್‌ಬಿ (ಲಾಂಗ್ ಬ್ಯಾರೆಲ್) ಆಬ್ಜೆಕ್ಟಿವ್. ಕೂರುವ ಅಂಚಿನಿಂದ ಸ್ಲೈಡಿಗೆ 45 ಮಿ.ಮೀ. ಅದಕ್ಕಿಂತ ಹಿಂದಿನ ಗಿಡ್ಡ ಒಲಿಂಪಸ್ ಆಬ್ಜೆಕ್ಟಿವ್‌ಗಳಲ್ಲಿ ಇದು ಸುಮಾರು 37. ಎರಡನ್ನೂ ಒಟ್ಟಿಗೆ ಹಾಕಲೇಬೇಡಿ. ಗಿಡ್ಡದ್ದರಲ್ಲಿ ಫೋಕಸ್ ಮಾಡಿದಾಗ ಸ್ಲೈಡ್ ಇಡುವ ಸ್ಟೇಜ್ ಎಂಟು ಮಿ.ಮೀ. ಮೇಲಿರುತ್ತದೆ. ಹಾಗೇ ಉದ್ದದ್ದನ್ನು ತಿರುಗಿಸಿದರೆ ಅದು ಸೀದಾ ಸ್ಲೈಡಿಗೆ ಗುದ್ದುತ್ತದೆ.

ಎಲ್ಲಕ್ಕಿಂತ ಜಾಸ್ತಿ ಜನ ಮರೆಯುವುದು ಐಪೀಸ್, ಅಂದರೆ ಕಣ್ಣಿಟ್ಟು ನೋಡುವ ಕಡೆಯ ಲೆನ್ಸ್. ಒಲಿಂಪಸ್‌ನ ಈ ಪೀಳಿಗೆಯಲ್ಲಿ ಆಬ್ಜೆಕ್ಟಿವ್ ಬಿಟ್ಟ ಬಣ್ಣದ ದೋಷವನ್ನು ಡಬ್ಲ್ಯೂಎಚ್‌ಕೆ ಐಪೀಸ್ ತಿದ್ದುತ್ತದೆ. ನಿಕಾನ್ ಸಿಎಫ್ ಲೆನ್ಸ್‌ಗಳ ಲೆಕ್ಕವೇ ಬೇರೆ. ಅಲ್ಲಿ ಆಬ್ಜೆಕ್ಟಿವ್ ತನ್ನ ದೋಷ ತಾನೇ ತಿದ್ದಿಕೊಳ್ಳುತ್ತದೆ, ಐಪೀಸೂ ಹಾಗೆಯೇ. ಎರಡೂ ಒಳ್ಳೆಯ ಗಾಜೇ, ಆದರೆ ಬೆರೆಸಿದರೆ ಕೆಡುತ್ತದೆ. ಒಲಿಂಪಸ್ ಆಬ್ಜೆಕ್ಟಿವ್‌ಗೆ ನಿಕಾನ್ ಸಿಎಫ್ ಐಪೀಸ್ ಹಾಕಿ, ಸ್ಟೇಜ್ ಮೈಕ್ರೋಮೀಟರಿನ (ಅಳತೆಯ ಸಣ್ಣ ಗೆರೆಗಳಿರುವ ಸ್ಲೈಡ್) ಗೆರೆ ಇಟ್ಟು ನೋಡಿ. ನಡುವೆ ಗೆರೆ ಅಚ್ಚ ಕಪ್ಪು. ಅಂಚಿಗೆ ಸರಿಸುತ್ತಾ ಹೋದಂತೆ ಗೆರೆಯ ಒಂದು ಬದಿಗೆ ಕಿತ್ತಳೆ, ಇನ್ನೊಂದು ಬದಿಗೆ ನೀಲಿ. ಡಬ್ಲ್ಯೂಎಚ್‌ಕೆ ಹಾಕಿದರೆ ಆ ಬಣ್ಣ ಹೆಚ್ಚುಕಡಿಮೆ ಮಾಯ.

ಕ್ಯಾಮೆರಾಕ್ಕೂ ಇದೇ ಮಾತು. ಮಧ್ಯೆ ಏನೂ ಇಲ್ಲದೆ ಸೆನ್ಸರಿಗೆ ಚಿತ್ರ ಬಿಟ್ಟರೆ ತಿದ್ದುವವರೇ ಇರುವುದಿಲ್ಲ ಅಲ್ವಾ? ಅದಕ್ಕೇ ಎನ್‌ಎಫ್‌ಕೆ ಅನ್ನೋ ಫೋಟೋ ಐಪೀಸ್ ಇರುವುದು. ಹುಡುಕಿ ತರುವುದು ಸ್ವಲ್ಪ ದುಬಾರಿ ಬಾಬತ್ತು, ಆದರೂ ನನ್ನ ಮಟ್ಟಿಗೆ ಬೇಕೇ ಬೇಕು.

ಬರೀ ಸ್ಟ್ಯಾಂಡ್ ಅಗ್ಗಕ್ಕೆ ಸಿಕ್ಕಿತೆಂದು ಸುಮ್ನೆ ಎತ್ತಿಕೊಂಡು ಬರಬೇಡಿ. ಆಬ್ಜೆಕ್ಟಿವ್, ಐಪೀಸ್, ಕಂಡೆನ್ಸರ್ (ಸ್ಟೇಜಿನ ಕೆಳಗಿನಿಂದ ಸ್ಲೈಡಿಗೆ ಬೆಳಕು ಕೂಡಿಸುವ ಲೆನ್ಸ್) ಸಮೇತ ಸಿಕ್ಕರೆ ಎರಡು ಕಾಸು ಜಾಸ್ತಿ ಕೊಡಿ. ಟಾರ್ಚ್ ಹಿಡಿದು ಲೆನ್ಸಿನೊಳಗೆ ಬೂಷ್ಟು ಹಿಡಿದಿದೆಯಾ ನೋಡಿ. ನಮ್ಮ ಮಳೆಗಾಲಕ್ಕೆ ಅದು ಬೇಗ ಬರುತ್ತದೆ. ನಾನು ಆಬ್ಜೆಕ್ಟಿವ್‌ಗಳನ್ನು ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲೇ ಇಡುತ್ತೇನೆ.

ಬಲ್ಬ್ 6 ವೋಲ್ಟ್ 20 ವ್ಯಾಟ್ ಹ್ಯಾಲೋಜನ್. ಲೈಟ್ ಅಂಗಡಿಯವರು 12 ವೋಲ್ಟಿನದು ಕೊಡುತ್ತಾರೆ. ಎರಡಕ್ಕೂ ಅದೇ ಎರಡು ಪಿನ್, ಅದೇ ಹೋಲ್ಡರ್. ಉರಿಯುವುದೂ ಉರಿಯುತ್ತದೆ, ಆದರೆ ಮಂಕಾಗಿ.