ಅಗ್ಗದ ವೇಗದ ಡೆಕ್: ಕೆಂಪೋ, ಹಸಿರೋ, ಬಿಳಿಯೋ?

ಮ್ಯಾಜಿಕ್: ದಿ ಗ್ಯಾದರಿಂಗ್ ಎಂಬ ಕಾರ್ಡ್ ಆಟ ಆಡುವವರ ಜೇಬು ಖಾಲಿಯಾಗುವುದು ಹೆಚ್ಚಾಗಿ ಅಪರೂಪದ ಕಾರ್ಡ್‌ಗಳಿಂದ. ಪಾಪರ್ ಎಂಬ ಬಗೆಯಲ್ಲಿ ಆ ಖರ್ಚಿಗೆ ಎಡೆಯಿಲ್ಲ. ಯಾವುದಾದರೊಂದು ಸೆಟ್‌ನಲ್ಲಿ ಒಮ್ಮೆಯಾದರೂ ಕಾಮನ್ (ಸುಲಭವಾಗಿ ಸಿಗುವ) ದರ್ಜೆಯಲ್ಲಿ ಬಂದಿರುವ ಕಾರ್ಡ್‌ಗಳನ್ನು ಮಾತ್ರ ಅಲ್ಲಿ ಆಡಬಹುದು. ಆನ್‌ಲೈನ್ ಆಟಕ್ಕೂ ಕಾಗದದ ಕಾರ್ಡ್‌ಗಳಿಗೂ ಬೇರೆಬೇರೆಯಾಗಿದ್ದ ಪಟ್ಟಿಗಳು 2019ರಲ್ಲಿ ಒಂದಾದ ಮೇಲೆ ಗೊಂದಲವೂ ಕಡಿಮೆಯಾಗಿದೆ. ಒಂದು ಡೆಕ್‌ಗೆ ಮೂರು ಸಾವಿರ ರೂಪಾಯಿ ಮೀರಬಾರದು, ಅದು ಐದನೆಯ ಸರದಿಯೊಳಗೆ ಎದುರಾಳಿಯ 20 ಲೈಫ್ (ಆಟ ಶುರುವಾದಾಗಿನ ಜೀವದ ಅಂಕ) ಮುಗಿಸುವಂತಿರಬೇಕು ಎಂದು ನನಗೆ ನಾನೇ ಷರತ್ತು ಹಾಕಿಕೊಂಡು, ನೇರ ಹೊಡೆತದ ಕೆಂಪು ಬರ್ನ್, ಬಲ ಹೆಚ್ಚಿಸಿದ ಜೀವಿಗಳಿಂದ ನುಗ್ಗುವ ಹಸಿರು ಸ್ಟಾಂಪಿ, ಸಣ್ಣ ಜೀವಿಗಳ ಬಿಳಿ ವೀನಿ ಎಂಬ ಮೂರು ಡೆಕ್‌ಗಳನ್ನು ಒಂದಾದ ಮೇಲೊಂದರಂತೆ ಕಟ್ಟಿದೆ. ಬೆಂಗಳೂರಿನ ಸ್ನೇಹಿತರೊಬ್ಬರ ಮನೆಯಲ್ಲಿ ಭಾನುವಾರಗಳಂದು ಅವೇ ಮೂರು ಎದುರಾಳಿ ಡೆಕ್‌ಗಳ ಮುಂದೆ ಇವನ್ನು ಆಡಿ ನೋಡಿದೆ: ಕೊಲ್ಲುವ ಕಾರ್ಡ್‌ಗಳು ತುಂಬಿದ ನೀಲಿ-ಕಪ್ಪು, ಆರ್ಟಿಫ್ಯಾಕ್ಟ್‌ಗಳ (ಯಂತ್ರ, ಸಲಕರಣೆಗಳ ಕಾರ್ಡ್) ಅಫಿನಿಟಿ ಮತ್ತು ಹಸಿರು ಎಲ್ಫ್‌ಗಳು.

ಕೆಂಪು ಡೆಕ್‌ನ ತರ್ಕ ಶಾಲೆಯ ಮಗ್ಗಿಯಷ್ಟೇ ಸರಳ. ಲೈಟ್ನಿಂಗ್ ಬೋಲ್ಟ್, ಚೈನ್ ಲೈಟ್ನಿಂಗ್, ಲಾವಾ ಸ್ಪೈಕ್, ರಿಫ್ಟ್ ಬೋಲ್ಟ್ ಈ ನಾಲ್ಕೂ ಒಂದೇ ಕೆಂಪು ಮಾನಾಕ್ಕೆ (ಲ್ಯಾಂಡ್ ಎಂಬ ಕಾರ್ಡ್‌ಗಳು ಕೊಡುವ ಶಕ್ತಿ, ಉಳಿದ ಕಾರ್ಡ್‌ಗಳನ್ನು ಆಡಲು ತೆರುವ ಬೆಲೆ) ಮೂರು ಲೈಫ್ ಕಳೆಯುತ್ತವೆ. ರಿಫ್ಟ್ ಬೋಲ್ಟ್ ಮಾತ್ರ ಒಂದು ಸರದಿ ತಡವಾಗಿ. ಏಳು ಮೂರ್ಲ ಇಪ್ಪತ್ತೊಂದು. ಇಂಥ ಏಳು ಕಾರ್ಡ್ ಕೈಗೆ ಬಂದರೆ ಆಟ ಮುಗಿದಂತೆ. ಮೊದಲು ಆಡುವವನು ನಾಲ್ಕನೆಯ ಸರದಿಯ ಹೊತ್ತಿಗೆ ಕಂಡಿರುವುದು ಒಟ್ಟು ಹತ್ತೇ ಕಾರ್ಡ್. ಅರವತ್ತು ಕಾರ್ಡ್‌ಗಳ ಡೆಕ್‌ನಲ್ಲಿ 24 ಲ್ಯಾಂಡ್ ಇಟ್ಟರೆ ಆ ಹತ್ತರಲ್ಲಿ ಸರಾಸರಿ ನಾಲ್ಕು ಲ್ಯಾಂಡ್, ಆರು ಸ್ಪೆಲ್ (ಮಾನಾ ಕೊಟ್ಟು ಆಡುವ ಕಾರ್ಡ್). ಆರು ಮೂರ್ಲ ಹದಿನೆಂಟು, ಎದುರಾಳಿ ಎರಡು ಲೈಫ್ ಉಳಿಸಿಕೊಂಡು ಹಾಯಾಗಿ ಕೂತಿರುತ್ತಾನೆ. ಹದಿನೆಂಟೇ ಲ್ಯಾಂಡ್ ಇಟ್ಟರೆ ಮೂರು ಲ್ಯಾಂಡ್, ಏಳು ಸ್ಪೆಲ್. ಗೆಲುವಿಗೂ ಸೋಲಿಗೂ ನಡುವಿನ ಆ ಒಂದು ಕಾರ್ಡ್ ಎಲ್ಲಿಂದ ಬರುತ್ತದೆ ಎಂಬುದು ಈ ಲೆಕ್ಕ ಹಾಕಿದ ಮೇಲೆಯೇ ನನಗೆ ಅರ್ಥವಾಯಿತು. ಕಡಿಮೆ ಮಾನಾದ ಕಾರ್ಡ್‌ಗಳನ್ನು ಹೀಗೆ ಎಣಿಸಿ ಜೋಡಿಸುವ ಕ್ರಮ ಹೊಸದೇನಲ್ಲ. ಜೇ ಷ್ನೈಡರ್ ರೂಪಿಸಿ, 1996ರಲ್ಲಿ ಅಟ್ಲಾಂಟಾದಲ್ಲಿ ಪಾಲ್ ಸ್ಲೈ ಆಡಿದ ಕೆಂಪು ಡೆಕ್‌ನಿಂದಲೇ ಅದು ಹೆಸರು ಮಾಡಿತು.

ಬರೀ ಬೋಲ್ಟ್‌ಗಳಿಂದ ಡೆಕ್ ತುಂಬುವುದಿಲ್ಲವಾದ್ದರಿಂದ ಥರ್ಮೋ-ಆಲ್ಕೆಮಿಸ್ಟ್ ಮತ್ತು ಕೆಲ್ಡನ್ ಮರಾಡರ್ಸ್ ಎಂಬ ಎರಡು ಕ್ರೀಚರ್‌ಗಳನ್ನು (ದಾಳಿ ಮಾಡುವ ಜೀವಿಗಳ ಕಾರ್ಡ್) ಸೇರಿಸಿದೆ. ಮರಾಡರ್ಸ್ ಬರುವಾಗ ಒಂದು ಲೈಫ್, ಹೋಗುವಾಗ ಒಂದು ಲೈಫ್ ಕಳೆಯುತ್ತದೆ. ನಡುವಿನ ಒಂದು ದಾಳಿಗೆ ಅಡ್ಡ ಬರುವವರು ಇಲ್ಲದಿದ್ದರೆ ಇನ್ನೂ ಮೂರು, ಒಟ್ಟು ಐದು. ಎದುರಾಳಿ ಅದನ್ನು ಕೊಂದರೂ ಎರಡು ಲೈಫ್ ಹೋಗಿಯೇ ಹೋಗುತ್ತದೆ. ಕೊನೆಯ ಪೆಟ್ಟಿಗೆ ಫೈರ್‌ಬ್ಲಾಸ್ಟ್: ಆರು ಮಾನಾದ ಬದಲು ಮೌಂಟನ್ ಎಂಬ ಎರಡು ಕೆಂಪು ಲ್ಯಾಂಡ್‌ಗಳನ್ನು ಬಲಿ ಕೊಟ್ಟರೆ ನಾಲ್ಕು ಲೈಫ್ ಕಳೆಯುವ ಕಾರ್ಡ್. ಇಲ್ಲಿ ನಾನು ಬುದ್ಧಿವಂತಿಕೆ ತೋರಿಸಲು ಹೋಗಿ ಕೆಟ್ಟೆ. ಲ್ಯಾಂಡ್ ಹೆಚ್ಚು ಬಂದಾಗ ಬಿಸಾಡಿ ಹೊಸ ಕಾರ್ಡ್ ಎತ್ತಿಕೊಳ್ಳಲಿಕ್ಕಾಗುತ್ತದೆಂದು ನಾಲ್ಕು ಮೌಂಟನ್ ತೆಗೆದು ಫರ್ಗಾಟನ್ ಕೇವ್ ಎಂಬ ಲ್ಯಾಂಡ್ ಹಾಕಿದ್ದೆ. ಅಫಿನಿಟಿ ಆಡುತ್ತಿದ್ದ ಸ್ನೇಹಿತನಿಗೆ ಸರಿಯಾಗಿ ನಾಲ್ಕು ಲೈಫ್ ಉಳಿದಿತ್ತು, ನನ್ನ ಕೈಯಲ್ಲಿ ಫೈರ್‌ಬ್ಲಾಸ್ಟ್ ಇತ್ತು, ಮೇಜಿನ ಮೇಲೆ ಮೂರು ಲ್ಯಾಂಡ್ ಇದ್ದವು. ಅವುಗಳಲ್ಲಿ ಎರಡು ಕೇವ್. ಕೆಂಪು ಮಾನಾ ಕೊಟ್ಟರೂ ಅದು ಮೌಂಟನ್ ಅಲ್ಲ. ಬಲಿಗೆ ಒಂದು ಕಡಿಮೆ. ಮುಂದಿನ ಸರದಿಯಲ್ಲಿ ಅವನು ಆಟ ಮುಗಿಸಿದ.

ಹಸಿರು ಡೆಕ್ ಮೂರರಲ್ಲಿ ಎಲ್ಲಕ್ಕಿಂತ ಅಗ್ಗವಾಯಿತು. ನಿಜ ಹೇಳಬೇಕೆಂದರೆ, ಖಾಲಿ ಮೇಜಿನ ಮೇಲೆ ಎಲ್ಲಕ್ಕಿಂತ ವೇಗದ್ದೂ ಅದೇ. ಒಂದು ಆಟ ಹೀಗೆ ನಡೆಯಿತು: ಮೊದಲ ಸರದಿಯಲ್ಲಿ ನೆಟಲ್ ಸೆಂಟಿನಲ್, ಎರಡನೆಯದರಲ್ಲಿ, ತನಗೆ ಕೊಟ್ಟ ಎರಡು ಮಾನಾವನ್ನು ಬಂದ ಕೂಡಲೇ ಹಿಂದಿರುಗಿಸುವ ಬರ್ನಿಂಗ್-ಟ್ರೀ ಎಮಿಸರಿ, ಆ ಮಾನಾದಿಂದಲೇ ಇನ್ನೊಂದು ಎಮಿಸರಿ, ಉಳಿದ ಹಸಿರು ಮಾನಾದಿಂದ ಸೆಂಟಿನಲ್‌ಗೆ ರ‍್ಯಾಂಕರ್. ರ‍್ಯಾಂಕರ್ ಅಂಟಿದ ಕ್ರೀಚರ್‌ನ ಬಲ ಎರಡು ಹೆಚ್ಚುವುದರಿಂದ, ಎರಡು ಬಲದ ಸೆಂಟಿನಲ್‌ನ ದಾಳಿಗೆ ನಾಲ್ಕು ಲೈಫ್ ಹೋಯಿತು. ಮೂರನೆಯ ಸರದಿಯಲ್ಲಿ ಯಂಗ್ ವುಲ್ಫ್ ಆಡಿ, ದಾಳಿಯಲ್ಲಿ ಬಳಸಿ ಅಡ್ಡ ಮಲಗಿಸಿದ್ದ ಸೆಂಟಿನಲ್ ಅನ್ನು ಎಬ್ಬಿಸಿ, ಮೂರೂ ಕ್ರೀಚರ್‌ಗಳಿಂದ ದಾಳಿ ಮಾಡಿ, ಆ ಸರದಿಯಲ್ಲಿ ಲ್ಯಾಂಡ್ ಇಟ್ಟಿದ್ದರಿಂದ ಬಲ ಹೆಚ್ಚಿಸುವ ಕಾರ್ಡ್ ಗ್ರೌಂಡ್‌ಸ್ವೆಲ್‌ನ ನಾಲ್ಕನ್ನೂ ಸೇರಿಸಿದಾಗ ಹನ್ನೆರಡು. ಕೆಂಪು ಡೆಕ್‌ನಲ್ಲಿ ಮೂರನೆಯ ಸರದಿಗೆ 16 ಲೈಫ್ ಕಳೆದದ್ದು ನನಗೆ ನೆನಪಿಲ್ಲ.

ಆದರೆ ಈ ವೇಗವೆಲ್ಲ ಒಂದು ಕ್ರೀಚರ್‌ನ ಬೆನ್ನ ಮೇಲೆ ಕೂತಿರುತ್ತದೆ. ಸತ್ತ ಕ್ರೀಚರ್‌ನಿಂದ ರ‍್ಯಾಂಕರ್ ಕೈಗೆ ಮರಳುತ್ತದೆ ಎಂಬ ಧೈರ್ಯದಲ್ಲಿ ನಾನು ನೀಲಿ-ಕಪ್ಪು ಡೆಕ್‌ನ ಎದುರು ಅದನ್ನು ಆಡಿದೆ. ರ‍್ಯಾಂಕರ್ ಇನ್ನೂ ಕ್ರೀಚರ್‌ಗೆ ಅಂಟಿಕೊಳ್ಳುವ ಮೊದಲೇ ಆತ ಕಾಸ್ಟ್ ಡೌನ್ ಆಡಿ ಸೆಂಟಿನಲ್ ಅನ್ನು ಕೊಂದ. ಮೇಜಿನ ಮೇಲೆ ಇಳಿದ ರ‍್ಯಾಂಕರ್ ಮಾತ್ರ ಕೈಗೆ ಮರಳುತ್ತದೆ. ಇಳಿಯುವ ಮುನ್ನವೇ ಗುರಿ ಕಳೆದುಕೊಂಡದ್ದು ಮರಳುವುದಿಲ್ಲ. ಅವನ ಒಂದು ಕಾರ್ಡ್‌ಗೆ ನನ್ನ ಎರಡು ಹೋದವು. ಇದಕ್ಕೆ ಮದ್ದಾಗಿ, ಕ್ರೀಚರ್ ಅನ್ನು ಕಾಪಾಡುವ ವೈನ್ಸ್ ಆಫ್ ವಾಸ್ಟ್‌ವುಡ್ ಹಿಡಿದುಕೊಳ್ಳಬಹುದು, ಆದರೆ ಅದಕ್ಕಾಗಿ ಪ್ರತಿ ಸರದಿ ಒಂದು ಮಾನಾ ತೆಗೆದಿಡಬೇಕಾಗುತ್ತದೆ. ಹಾಗೆ ಕಾದು ಕೂತ ಡೆಕ್‌ ವೇಗದ ಡೆಕ್ ಆಗಿ ಉಳಿಯುವುದಿಲ್ಲ.

ಬಿಳಿಯ ಬಗ್ಗೆ ಹೇಳಬೇಕಾದದ್ದು ಕಡಿಮೆ. ಅದು ಒಳ್ಳೆಯ ಡೆಕ್. ನನ್ನ ಷರತ್ತಿಗೆ ಹೊಂದುವ ಡೆಕ್ ಅಲ್ಲ. ನಾಲ್ಕು ಮಾನಾದ ಬ್ಯಾಟಲ್ ಸ್ಕ್ರೀಚ್ ಎರಡು ಹಾರುವ ಹಕ್ಕಿಗಳನ್ನು ಕೊಡುತ್ತದೆ. ಆಗಷ್ಟೇ ಬಂದ ಆ ಎರಡು ಹಕ್ಕಿಗಳನ್ನೂ ಇನ್ನೊಂದು ಬಿಳಿ ಕ್ರೀಚರ್ ಅನ್ನೂ ಮಲಗಿಸಿದರೆ ಅದೇ ಕಾರ್ಡ್ ಮತ್ತೊಮ್ಮೆ ನಡೆದು ಇನ್ನೆರಡು ಬರುತ್ತವೆ. ಮುಂದಿನ ಸರದಿಯಲ್ಲಿ, ಬಿಳಿ ಕ್ರೀಚರ್‌ಗಳ ಬಲವನ್ನು ತಲಾ ಎರಡು ಹೆಚ್ಚಿಸುವ ಗಾರ್ಡಿಯನ್ಸ್ ಪ್ಲೆಡ್ಜ್ ಆಡಿದಾಗ ನಾಲ್ಕು ಹಕ್ಕಿಗಳಿಂದಲೇ ಹನ್ನೆರಡು ಲೈಫ್ ಹೋಗುವ ಆ ಕ್ಷಣ ಸೊಗಸಾದದ್ದು. ಆದರೆ ಅದು ಕೈಗೂಡುವುದು ಐದನೆಯ ಸರದಿಯಲ್ಲಿ, ಹಲವು ಬಾರಿ ಆರನೆಯದರಲ್ಲಿ. ಅಷ್ಟರೊಳಗೆ ಒಂದು ಎಲೆಕ್ಟ್ರಿಕರಿ ಬಂದರೆ ನಾಲ್ಕೂ ಹಕ್ಕಿಗಳು ಒಟ್ಟಿಗೆ ಸಾಯುತ್ತವೆ.

ಮೊದಲ ಆಟದ ನಂತರ ಬದಲಿಸಿಕೊಳ್ಳುವ ಕಾರ್ಡ್‌ಗಳು, ಅಂದರೆ ಸೈಡ್‌ಬೋರ್ಡ್, ಬಂದ ಮೇಲೆ ಹೋಲಿಕೆ ಇನ್ನಷ್ಟು ಸ್ಪಷ್ಟವಾಯಿತು. ಅಫಿನಿಟಿಯ ವಿರುದ್ಧ ಕೆಂಪಿಗೆ ಸ್ಮ್ಯಾಷ್ ಟು ಸ್ಮಿದರೀನ್ಸ್ ಇದೆ. ಅದು ಆರ್ಟಿಫ್ಯಾಕ್ಟ್ ಒಡೆಯುವುದರ ಜೊತೆಗೆ ಅದರ ಒಡೆಯನಿಂದ ಮೂರು ಲೈಫ್ ಕಳೆಯುತ್ತದೆ, ಹೀಗಾಗಿ ಮಗ್ಗಿ ಕೆಡುವುದಿಲ್ಲ. ಹಸಿರು, ಬಿಳಿ ಡೆಕ್‌ಗಳಲ್ಲಿ ಅಂಥ ಕಾರ್ಡ್ ಆಡಿದ ಸರದಿಯಲ್ಲಿ ದಾಳಿಯ ಬಲ ಒಂದಿಷ್ಟು ಕುಗ್ಗುತ್ತದೆ. ಕೆಂಪು ನಿಜವಾಗಿ ಹೆದರಬೇಕಾದದ್ದು ಎಲ್ಫ್‌ಗಳ ಡೆಕ್‌ನ ವೆದರ್ ದ ಸ್ಟಾರ್ಮ್ ಎಂಬ, ಎರಡು ಮಾನಾಕ್ಕೆ ಮೂರು ಲೈಫ್ ಕೊಡುವ ಕಾರ್ಡ್‌ಗೆ. ಆ ಸರದಿಯಲ್ಲಿ ಅದಕ್ಕೂ ಮುಂಚೆ ಆಡಿದ ಪ್ರತಿ ಸ್ಪೆಲ್‌ಗೂ ಅದರದೊಂದು ನಕಲು ಹುಟ್ಟುತ್ತದೆ. ನಾನು ಎರಡು ಬೋಲ್ಟ್ ಹೊಡೆದ ಮೇಲೆ ಅದು ಬಂದರೆ ಎದುರಾಳಿಗೆ ಒಂಬತ್ತು ಲೈಫ್, ಅಂದರೆ ನನ್ನ ಮೂರು ಕಾರ್ಡ್ ನೀರಿನಲ್ಲಿ ಹೋಮ. ಎರಡು ಬಾರಿ ಹೀಗೆ ಸೋತ ಮೇಲೆ, ಎದುರಿಗೆ ಎರಡು ಹಸಿರು ಲ್ಯಾಂಡ್ ತೆರೆದಿದ್ದರೆ ಸರದಿಗೊಂದೇ ಸ್ಪೆಲ್ ಆಡುವ ಅಭ್ಯಾಸ ಮಾಡಿಕೊಂಡೆ. ಮೂರನೆಯ ಬಾರಿ ಸಿಕ್ಕಿದ್ದು ಅವನಿಗೆ ಆರೇ ಲೈಫ್.

ಬಜೆಟ್ ಎಂದಾಗ ಕೊಂಡ ಬೆಲೆಯಷ್ಟೇ ಅಲ್ಲ, ಕೊಂಡದ್ದು ಎಷ್ಟು ಕಾಲ ಆಡಲು ಸಿಗುತ್ತದೆ ಎಂಬುದನ್ನೂ ನೋಡಬೇಕು. ಪಾಪರ್‌ನಲ್ಲಿ ಕೆಂಪಿನ ವೇಗದ ತಾರೆಗಳಾಗಿದ್ದ ಮೊನಾಸ್ಟರಿ ಸ್ವಿಫ್ಟ್‌ಸ್ಪಿಯರ್ 2023ರ ಡಿಸೆಂಬರ್‌ನಲ್ಲಿ, ಕುಲ್ಡೋಥಾ ರಿಬರ್ತ್ 2025ರ ಮಾರ್ಚ್‌ನಲ್ಲಿ ನಿಷೇಧಕ್ಕೊಳಗಾದವು. ಅವುಗಳ ಸುತ್ತ ಡೆಕ್ ಕಟ್ಟಿದ್ದವರು ಮತ್ತೆ ಕೈಸುಟ್ಟುಕೊಂಡರು. 1993ರ ಮೊದಲ ಸೆಟ್‌ನಲ್ಲೇ ಬಂದ ಲೈಟ್ನಿಂಗ್ ಬೋಲ್ಟ್ ಮಾತ್ರ ಪಾಪರ್‌ನಲ್ಲಿ ತನ್ನ ಜಾಗದಲ್ಲೇ ಕೂತಿತ್ತು.

ಆದ್ದರಿಂದ ನನ್ನ ಬಳಿ ಉಳಿದದ್ದು ಕೆಂಪು. ಅದು ಹಸಿರಿಗಿಂತ ಅರ್ಧ ಸರದಿ ನಿಧಾನ, ಖರ್ಚೂ ನನ್ನ ಮಿತಿಯ ಅಂಚಿಗೆ ಬಂದು ನಿಂತಿತು. ಆದರೂ ಕ್ರೀಚರ್‌ಗಳು ಕಡಿಮೆ ಇರುವುದರಿಂದ ಎದುರಾಳಿಯ ಕೈತುಂಬ ಇರುವ ಕೊಲ್ಲುವ ಕಾರ್ಡ್‌ಗಳನ್ನು ಬಹುಪಾಲು ಕೆಲಸಕ್ಕೆ ಬಾರದಂತೆ ಮಾಡುವುದು ಅದೊಂದೇ. ಹಸಿರನ್ನು ಬಿಚ್ಚಿಲ್ಲ, ಮನೆಗೆ ಬರುವ ಹೊಸಬರಿಗೆ ಅದನ್ನೇ ಕೊಡುತ್ತೇನೆ. ದಾಳಿ, ತಡೆ ಎರಡನ್ನೂ ಅದು ಬೇಗ ಕಲಿಸುತ್ತದೆ. ಬಿಳಿಯ ಡೆಕ್ ಬಿಚ್ಚಿ ಅದರ ಸ್ಲೀವ್‌ಗಳನ್ನು ಕೆಂಪಿಗೆ ಹಾಕಿದ್ದೇನೆ. ಫರ್ಗಾಟನ್ ಕೇವ್ ನಾಲ್ಕೂ ಡಬ್ಬಿಗೆ ಹೋಗಿವೆ, ಈಗ ಹದಿನೆಂಟೂ ಮೌಂಟನ್‌ಗಳೇ.