ಒಬ್ಬರೇ ಹೊರಟವರಿಗೆ ಮನಾಸ್ಲುವೋ, ಅಪ್ಪರ್ ಮುಸ್ತಾಂಗೋ?

ನೇಪಾಳದ ಈ ಎರಡೂ ಚಾರಣದ ಜಾಗ ನಿರ್ಬಂಧಿತ ಪ್ರದೇಶ. ವಿದೇಶಿಯರು ಇಲ್ಲಿ ಗೈಡ್ ಇಲ್ಲದೆ ನಡೆಯುವಂತಿಲ್ಲ. ಪರ್ಮಿಟ್ ಕೂಡ ನೋಂದಾಯಿತ ಏಜೆನ್ಸಿಯ ಮೂಲಕವೇ ಸಿಗೋದು. ಹಾಗಾಗಿ 'ಒಬ್ಬರೇ' ಅಂದರೆ ನೀವು ಮತ್ತು ನಿಮ್ಮ ಗೈಡ್, ಅಷ್ಟೆ. ಕನಿಷ್ಠ ಇಬ್ಬರು ಚಾರಣಿಗರು ಇರಬೇಕೆಂಬ ಷರತ್ತು ನಿಮಗೆ ಅನ್ವಯಿಸುತ್ತದೆಯೇ ಎಂದು ಹಣ ಕಟ್ಟುವ ಮೊದಲೇ ಕೇಳಿ.

ಖರ್ಚಿನಲ್ಲಿ ಅಂತರ ದೊಡ್ಡದು. ಮನಾಸ್ಲು ಪರ್ಮಿಟ್‌ಗೆ ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ಮೊದಲ ವಾರಕ್ಕೆ 100 ಡಾಲರ್, ಉಳಿದ ತಿಂಗಳಲ್ಲಿ 75. ಮುಸ್ತಾಂಗ್‌ಗೆ ದಿನಕ್ಕೆ 50 ಡಾಲರ್; 2025ರವರೆಗೆ 10 ದಿನಕ್ಕೆ ಒಟ್ಟಿಗೆ 500 ಡಾಲರ್ ಕಟ್ಟಬೇಕಿತ್ತು. ಗೈಡ್ ಸಂಬಳವನ್ನು ಹಂಚಿಕೊಳ್ಳಲು ಜೊತೆಗಾರರಿಲ್ಲ ಅನ್ನೋದೂ ನೆನಪಿರಲಿ.

ಆದರೆ ಮಳೆಗಾಲದಲ್ಲಿ ಲೆಕ್ಕ ತಿರುಗುತ್ತದೆ. ಮುಸ್ತಾಂಗ್ ಅನ್ನಪೂರ್ಣ, ಧವಳಗಿರಿ ಸಾಲಿನ ಹಿಂದಿನ ಮಳೆನೆರಳಿನಲ್ಲಿದೆ. ಜೂನ್, ಜುಲೈನಲ್ಲೂ ಅಲ್ಲಿ ನಡೆಯಬಹುದು. ಅದೇ ಸಮಯದಲ್ಲಿ ಬುಢಿಗಂಡಕಿ ಕಣಿವೆಯ ಮನಾಸ್ಲು ದಾರಿಯಲ್ಲಿ ಭೂಕುಸಿತ, ಜಿಗಣೆ ಎರಡೂ ಜಾಸ್ತಿ. ಜುಲೈನಲ್ಲಿ ಮಾತ್ರ ರಜೆ ಸಿಗುವವರಿಗೆ ನಾನು ಮನಾಸ್ಲು ಹೇಳೋದೇ ಇಲ್ಲ.

ದೇಹಕ್ಕೆ ಮನಾಸ್ಲುವೇ ಕಷ್ಟ. 5,100 ಮೀಟರ್ ದಾಟಿದ ಲಾರ್ಕ್ಯಾ ಲಾ ಎಂಬ ಬೆಟ್ಟದ ಪಾಸ್ ಹತ್ತಲೇಬೇಕು, ಸುಮ್ನೆ ಅವಸರ ಮಾಡಿದರೆ ಎತ್ತರದ ಕಾಯಿಲೆ ಬರಬಹುದು. ಮುಸ್ತಾಂಗ್‌ನ ಲೋ ಮಂಥಾಂಗ್ ಪಟ್ಟಣ ಸುಮಾರು 3,800 ಮೀಟರ್‌ನಲ್ಲಿದೆ, ಸುಸ್ತಾದರೆ ಜೀಪ್ ಸಿಗುತ್ತದೆ. ಆ ಜೀಪ್ ರಸ್ತೆಯ ಧೂಳೇ ಕೆಲವರಿಗೆ ಬೇಸರ.

ಹಿಮದ ಕಣಿವೆ, ಗಟ್ಟಿ ನಡಿಗೆ ಬೇಕಿದ್ದು ಅಕ್ಟೋಬರ್‌ನಲ್ಲಿ ಹೋಗುವಂತಿದ್ದರೆ ಮನಾಸ್ಲು. ಹಳೆಯ ಗೊಂಪಾಗಳು (ಬೌದ್ಧ ಮಠಗಳು), ಬೋಳು ಕೆಂಪು ಬೆಟ್ಟಗಳು ಸೆಳೆದರೆ, ಕೈಯಲ್ಲಿ ಹಣವೂ ಇದ್ದರೆ ಮುಸ್ತಾಂಗ್.